ಐದೂವರೆ ಕ್ಯಾನ್ ನೀರು

ನವೆಂಬರ್ ೪, ಮಂಗಳವಾರ

ಇವತ್ತು ಬೆಳಿಗ್ಗೆ ಒಂದು ನಾಯಿ ನಮ್ಮ ಕೆರೆಯ ಮೇಲೆ ನಾಲ್ಕು ಹೆಜ್ಜೆ ನಡೆಯಿತು. ಐದನೆಯದಕ್ಕೆ ಮುಳುಗಿತು. ಪಾಪ, ಅದರ ತಪ್ಪಲ್ಲ. ಬೇವಿನಕೆರೆಯ ಈ ದಡದಿಂದ ಆ ದಡದವರೆಗೆ ಅಂತರಗಂಗೆ ಎಷ್ಟು ದಟ್ಟವಾಗಿ ಹಬ್ಬಿದೆಯೆಂದರೆ ಹೊಸಬರಿಗೆ ಹುಲ್ಲುಗಾವಲಿನಂತೆಯೇ ಕಾಣುತ್ತದೆ. ನಾಯಿ ಹೇಗೋ ಎದ್ದು ಬಂದು, ಮೈ ಕೊಡವಿ, ಯಾರಾದರೂ ನೋಡಿದರೇ ಎಂಬಂತೆ ಅತ್ತಿತ್ತ ತಿರುಗಿತು. ನಾನು ಬೇರೆ ಕಡೆ ನೋಡಿದೆ. ಮುಳುಗಿ ಎದ್ದವರಿಗೆ ಅಷ್ಟಾದರೂ ಮರ್ಯಾದೆ ಕೊಡಬೇಕು. ಜೂನ್ ತಿಂಗಳಲ್ಲಿ ಯಲಹಂಕದ ಕಾಲೇಜಿನಲ್ಲಿ ಕೆಲಸದ ಸಂದರ್ಶನಕ್ಕೆಂದು ಮಾದರಿ ಪಾಠ ಮಾಡಲು ನಿಂತ ನಾನೂ ನಾಲ್ಕು ವಾಕ್ಯ ಹೇಳಿದ್ದೆ. ಐದನೆಯದು ಬರಲಿಲ್ಲ.

ಅದಿರಲಿ. ಕೆರೆ ಸಮಿತಿಗೆ ಕೊನೆಗೂ ದುಡ್ಡು ಸೇರಿದೆ. ಒಂದು ಲಕ್ಷ ನಲವತ್ತೆರಡು ಸಾವಿರ. ಅಪಾರ್ಟ್‌ಮೆಂಟಿನವರು, ಊರಿನವರು, ಕೊನೆಗೆ ಎಲೆ ಅಡಿಕೆ ಸಂಚಿಯ ತಳದಿಂದ ತೆಗೆದ ಅಜ್ಜಿಯ ಐನೂರು. ಇದರಲ್ಲಿ ಒಂದು ಹಳೆಯ ಮೋಟಾರು ದೋಣಿ ಕೊಳ್ಳುವುದು, ಅದರಿಂದ ಅಂತರಗಂಗೆಯನ್ನು ದಡಕ್ಕೆ ಎಳೆಸುವುದು. ಎಳೆಯುವವರು ಮೆಹಬೂಬ್ ಪಾಷಾ. ಕೆರೆಯ ಮೀನಿನ ಗುತ್ತಿಗೆ ಅವರದು. ಬೇಸಿಗೆಯೊಳಗೆ ನೀರಿನ ಮುಖ ಬಿಸಿಲು ಕಾಣದಿದ್ದರೆ ಮೀನೆಲ್ಲ ಉಸಿರುಕಟ್ಟಿ ಸಾಯುತ್ತವೆ ಎಂದು ಅವರು ಮೂರು ತಿಂಗಳಿಂದ ಹೇಳುತ್ತಿದ್ದಾರೆ.

ಸಮಿತಿಯ ಅಧ್ಯಕ್ಷರು ನನ್ನ ಸೋದರಮಾವ ಚನ್ನಕೇಶವ. ಕಾರ್ಯದರ್ಶಿ ನಾನು, ಬಿಂದುಶ್ರೀ. ಕನ್ನಡ ಎಂ.ಎ. ಮಾಡಿ ಮನೆಯಲ್ಲಿದ್ದೇನೆ, ಅಕ್ಷರ ಗುಂಡಗಿದೆ ಎನ್ನುವುದೇ ಅರ್ಹತೆ. ವರದಿಗಳನ್ನು ನಾನು ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಮಾವ ಒಪ್ಪಿದ ಮೇಲೆ ಅದರ ಮೇಲೇ ಪೆನ್ನಿನಲ್ಲಿ ತಿದ್ದುತ್ತೇನೆ. ಸಭೆಯ ಹಾಳೆಯಲ್ಲಿ ಪ್ರತಿ ಸಲವೂ ‘ಓದುವವರು: ಅಧ್ಯಕ್ಷರು’. ಮಾವ ಗಟ್ಟಿಯಾಗಿ ಓದುತ್ತಾರೆ, ನಾನು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ನನ್ನ ವಾಕ್ಯಗಳನ್ನು ಕೇಳುತ್ತೇನೆ. ಇದಕ್ಕಿಂತ ಸುಖದ ಕೆಲಸ ಇಲ್ಲ.

ನವೆಂಬರ್ ೬, ಗುರುವಾರ

ದೋಣಿ ನೋಡಲು ಹೋಗಿದ್ದೆವು. ಹುಣಸಮಾರನಹಳ್ಳಿ ದಾಟಿ, ಒಳಗಿನ ರಸ್ತೆಯಲ್ಲಿ, ಮುಚ್ಚಿಹೋದ ಒಂದು ರೆಸಾರ್ಟು. ಅಲ್ಲಿನ ಸಾಮಾನನ್ನೆಲ್ಲ ಸತೀಶ್ ಎಂಬವರು ಮಾರುತ್ತಿದ್ದಾರೆ. ಊಟದ ಮೇಜು, ಜಾರುಬಂಡೆ, ಸಿಮೆಂಟಿನ ಜಿರಾಫೆ, ಒಂದು ದೋಣಿ.

ಪಾಷಣ್ಣನನ್ನು ಕರೆದುಕೊಂಡು ಹೋಗೋಣವೇ ಎಂದು ಕೇಳಬೇಕೆಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಮಾವನೇ ಹೇಳಿದರು: “ಜಾಸ್ತಿ ಜನ ಓಗ್ಬುಟ್ರೆ ರೇಟು ಏರ್ತದೆ ಕಣಮ್ಮ. ಸೈಟ್ ನೋಡಕ್ಕೆ ನಾನು ಯಾವತ್ತೂ ಇಬ್ರಿಗಿಂತ ಜಾಸ್ತಿ ಓಗಿಲ್ಲ.”

ಮಾವ ಮೂವತ್ತು ವರ್ಷ ಸೈಟು ಕೊಂಡು ಮಾರಿದವರು. ದೋಣಿಯನ್ನೂ ಹಾಗೇ ನೋಡಿದರು. ಉದ್ದ ಅಗಲ ಹೆಜ್ಜೆಯಲ್ಲಿ ಅಳೆದರು. ಹದಿನಾಲ್ಕು ಅಡಿ. “ಪೇಪರ್ಸ್ ಕ್ಲಿಯರ್ ಅವಾ?” ಎಂದು ಕೇಳಿದರು. ಮುಂಭಾಗ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದನ್ನು ಕಂಡು ಮೆಚ್ಚಿ ತಲೆದೂಗಿದರು. ದೋಣಿಯನ್ನು ತಿರುಗಿಸಿದರೆ ಅದು ಪಶ್ಚಿಮಕ್ಕೂ ಮುಖ ಮಾಡುತ್ತದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

“ಸಿಂಗಲ್ ಹ್ಯಾಂಡ್ ಸರ್, ಒಬ್ರೇ ಓನರ್. ಶನಿವಾರ ಭಾನುವಾರ ಮಾತ್ರ ಓಡಿರೋದು,” ಎಂದರು ಸತೀಶ್. ಮೋಟಾರಿನ ಬಾಲವನ್ನು ನೀಲಿ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ಹಗ್ಗ ಎಳೆದರು. ಒಂದೇ ಎಳೆತಕ್ಕೆ ಗುರ್ ಎಂದಿತು. ಮಾವನ ಮುಖ ಅರಳಿತು.

ಆದರೆ ಅದಕ್ಕೂ ಮೊದಲೇ, ಅವರಿಬ್ಬರೂ ಜಿರಾಫೆಯ ಬೆಲೆ ಮಾತಾಡುತ್ತಿದ್ದಾಗ, ನಾನು ಸುಮ್ಮನೆ ಮೋಟಾರಿನ ಮುಚ್ಚಳದ ಮೇಲೆ ಕೈ ಇಟ್ಟಿದ್ದೆ. ಒಲೆಯಿಂದ ಇಳಿಸಿದ ಇಡ್ಲಿ ಪಾತ್ರೆಯ ಹಾಗೆ ಬೆಚ್ಚಗಿತ್ತು. ಡ್ರಮ್ಮಿನ ಸುತ್ತ ನೆಲವೂ ಒದ್ದೆಯಾಗಿತ್ತು. ನಾವು ಬರುವ ಮೊದಲೇ ಯಾರೋ ಅದನ್ನು ಚೆನ್ನಾಗಿ ಓಡಿಸಿ ನಿಲ್ಲಿಸಿದ್ದರು.

ಹೇಳಲಿಲ್ಲ.

ಒಂದು ಲಕ್ಷ ಅರವತ್ತು ಸಾವಿರ ಎಂದಿದ್ದು ಒಂದು ಮೂವತ್ತೈದಕ್ಕೆ ಇಳಿಯಿತು. ಮಾವ ಕಾರಿನಿಂದ ಎಲೆ ಅಡಿಕೆ ತರಿಸಿದರು. ಅದು ಅವರ ಕಾರಿನಲ್ಲಿ ಸ್ಟೆಪ್ನಿಯ ಹಾಗೆ ಸದಾ ಇರುತ್ತದೆ. ತಾಂಬೂಲದ ಮೇಲೆ ಹತ್ತು ಸಾವಿರ ಇಟ್ಟು ಸತೀಶರ ಕೈಗೆ ಕೊಟ್ಟರು. ಮುಂದಿನ ಶನಿವಾರ ಉಳಿದ ಹಣ. ಮಾತು ಮುಗಿಯಿತು.

ನವೆಂಬರ್ ೭, ಶುಕ್ರವಾರ

ಪಾಷಣ್ಣ ಕೆರೆ ಏರಿಯ ಮೇಲೆ ಹರಿಗೋಲಿಗೆ ಟಾರು ಬಳಿಯುತ್ತಿದ್ದರು. ನನ್ನನ್ನು ನೋಡಿದ್ದೇ, “ದೋಣಿ ಆಯ್ತಂತೆ? ಹೆಂಗೈತೆ ಬೇಟಾ?” ಎಂದರು.

“ನೀಲಿ ಬಣ್ಣ,” ಎಂದೆ. ಅವರು ಕಾದರು. ಬಣ್ಣಕ್ಕಿಂತ ಹೆಚ್ಚಿನದನ್ನು ಕೇಳಿದ್ದರು ಎಂದು ತಿಳಿದು, ಮೋಟಾರು ಬೆಚ್ಚಗಿದ್ದುದನ್ನು ಹೇಳಿಬಿಟ್ಟೆ.

ಕುಂಚ ಕೆಳಗಿಟ್ಟರು. “ಬಿಸಿ ಇದ್ರೆ ಯಾರ್ ಎಳ್ದ್ರೂ ಸ್ಟಾರ್ಟ್ ಆಗ್ತದೆ. ನಮ್ಮನೇಲಿ ರೆಹಾನಾ ಬಯ್ಕೊಂಡ್ ಎಳ್ದ್ರೂ ಆಗ್ತದೆ. ತಣ್ಣಗಿದ್ದಾಗ ನೋಡ್ಬೇಕು.” ಆಮೇಲೆ ಕೇಳಿದರು: “ತಟ್ಟಿ ನೋಡಿದ್ರಾ? ತಳದಾಗೆ ನೀರು ಕುಡ್ದಿಲ್ಲ ತಾನೆ?”

ದೋಣಿ ನೀರು ಕುಡಿಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ತಳಕ್ಕೂ ಮೇಲಿನ ಹಲಗೆಗೂ ನಡುವೆ ಸ್ಪಂಜಿನಂಥದ್ದು ತುಂಬಿರುತ್ತಾರಂತೆ, ದೋಣಿ ತೇಲಲೆಂದು. ಎಲ್ಲೋ ಒಂದು ಬಿರುಕು ಬಿಟ್ಟರೆ ಅದೇ ನೀರು ಹೀರಿ ಭಾರವಾಗುತ್ತದೆ. ಹೊರಗೆ ಬಣ್ಣ ಹಾಗೇ ಹೊಳೆಯುತ್ತಿರುತ್ತದೆ.

“ನಿಮಗೆ ಈಜು ಬರುತ್ತಲ್ವಾ ಪಾಷಣ್ಣ?”

“ನೀರಾಗೆ ಬರ್ತದೆ. ಅಂತರಗಂಗೆ ಒಳಗೆ ಯಾವನಿಗೂ ಬರಲ್ಲ. ಕಾಲು ಹಿಡ್ಕೊಂಡ್ರೆ ಬಿಡಲ್ಲ ಅದು.” ನಕ್ಕರು. “ನೀನು ಯಾಕೆ ಅಷ್ಟ್ ಚಿಕ್ಕ ಮುಖ ಮಾಡ್ತೀಯ?”

ನೀವೇ ಮಾವನಿಗೆ ಹೇಳಿ ಎಂದೆ. “ನಾನ್ ಹೇಳಿದ್ರೆ ಕೆಲ್ಸ ಬೇಡ ಅಂದಂಗೆ ಆಗ್ತದಮ್ಮ. ಊರು ದುಡ್ಡು ಹಾಕಿರೋದು,” ಎಂದು ಮತ್ತೆ ಕುಂಚ ತೆಗೆದುಕೊಂಡರು.

ಶನಿವಾರಕ್ಕೆ ಎಂಟು ದಿನ.

ನವೆಂಬರ್ ೯, ಭಾನುವಾರ

ಅಜ್ಜಿಗೆ ಎಂಬತ್ತೊಂದು. ಮಣ್ಣಿನ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿ, ಕಿವಿ ಇಟ್ಟು ಕೇಳುತ್ತಾಳೆ. ಬಿರುಕಿದ್ದ ಒಂದು ಮಡಕೆಯೂ ನಮ್ಮ ಮನೆಯೊಳಗೆ ಬಂದಿಲ್ಲ. ಇವತ್ತು ಹೇಗೆಂದು ಕೇಳಿದೆ.

“ಚೆನ್ನಾಗಿರೋದು ಮಾತಾಡ್ತದೆ. ಕೆಟ್ಟಿರೋದು ಗೊಣಗ್ತದೆ,” ಎಂದಳು. “ಒಂದ್ ಜಾಗ್ದಲ್ಲಿ ತಟ್ಟಿ ಬುಟ್ರೆ ಏನೂ ತಿಳಿಯಕಿಲ್ಲ. ಸುತ್ತ ತಟ್ತಾ ಓಗ್ಬೇಕು. ಎಲ್ಲಿ ದನಿ ಬದ್ಲಾಯ್ತದೋ ಅಲ್ಲಿ ನಿಲ್ಲು.”

ಇಡೀ ದಿನ ತಟ್ಟಿದೆ. ಬಾಗಿಲು, ನೀರಿನ ಟ್ಯಾಂಕು, ಮಾವನ ಕಾರು. ಅಮ್ಮ “ದೆವ್ವ ಗಿವ್ವ ಹಿಡೀತೇನೇ?” ಎಂದಳು.

ನವೆಂಬರ್ ೧೦, ಸೋಮವಾರ

ಮೋಟಾರು ರಿಪೇರಿಯವರದೆಂದು ಪಾಷಣ್ಣ ಕೊಟ್ಟ ನಂಬರಿಗೆ ಫೋನು ಮಾಡಬೇಕಿತ್ತು. ಮೊದಲು ಹೇಳಬೇಕಾದ್ದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ: ‘ನಮಸ್ಕಾರ, ನಾನು ಬೇವಿನಕೆರೆ ಸಮಿತಿಯಿಂದ ಮಾತನಾಡುತ್ತಿದ್ದೇನೆ.’ ಮೂರು ಸಲ ಓದಿ, ಒತ್ತಿದೆ.

“ಯಾರು?” ಎಂದಿತು ಆ ಕಡೆಯ ದನಿ, ಹಿಂದೆ ಏನೋ ಉಜ್ಜುವ ಸದ್ದು.

“ದೋಣಿ,” ಎಂದೆ.

ಅಷ್ಟೇ ಬಂತು. ಆದರೆ ಅಷ್ಟೇ ಸಾಕಾಯಿತು. “ಬನ್ನಿ ಬನ್ನಿ, ಮೂರು ವರ್ಷ ಆಗಿತ್ತು ಯಾರಾದ್ರೂ ಕೇಳಿ!” ಎಂದರು.

ಗಯಾಸ್ ಅವರ ಅಂಗಡಿ ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ, ಬುರ್ಖಾ ಅಂಗಡಿಗೂ ಅಯ್ಯಂಗಾರ್ ಬೇಕರಿಗೂ ನಡುವೆ. ಪಂಪ್‌ಸೆಟ್ಟು, ಜನರೇಟರು, ಯಾರೂ ಕೇಳದಿದ್ದರೂ ದೋಣಿಯ ಮೋಟಾರು. ಚಹಾ ತರಿಸಿ ಒಂದು ಗಂಟೆ ಪಾಠ ಮಾಡಿದರು. ಮೋಟಾರು ನೇತುಹಾಕುವ ಹಿಂದಿನ ಹಲಗೆ ಅಲುಗಬಾರದು. ನೀರು ತಳ್ಳುವ ಫ್ಯಾನಿನ ಹಿಂದೆ ಗಾಳದ ದಾರ ಸುತ್ತಿದೆಯೇ ನೋಡಬೇಕು, ಇದ್ದರೆ ಅದು ನೀರು ಒಳಬರದಂತೆ ತಡೆಯುವ ಸೀಲನ್ನು ಕತ್ತರಿಸಿರುತ್ತದೆ. ಕೆಳಗಿನ ತಿರುಪು ಬಿಚ್ಚಿ ಗೇರ್ ಆಯಿಲ್ ಒಂದು ಚಮಚ ಇಳಿಸಬೇಕು. “ಬ್ಲ್ಯಾಕ್ ಟೀ ಥರ ಇದ್ರೆ ತಗೊಳ್ಳಿ. ಹಾಲು ಹಾಕಿರೋ ಟೀ ಥರ ಇದ್ರೆ ನೀರು ಸೇರಿದೆ. ಟೀ ನಿಮಗೆ ಅರ್ಥ ಆಗುತ್ತಲ್ಲ?”

ಬೆಲೆ ಹೇಗೆ ಕಟ್ಟುವುದು ಎಂದು ಕೇಳಿದೆ. “ಮಾರೋನು ಹೇಳಿದ್ ರೇಟಿಂದ ಸುಮ್ನೆ ಐದು ಹತ್ತು ಅಂತ ಇಳೀಬೇಡಿ ಮೇಡಂ. ರಿಪೇರಿ ಖರ್ಚು ಬರ್ಕೊಂಡು, ಅದನ್ನ ಮಾತಾಗಿರೋ ರೇಟಲ್ಲಿ ಕಳ್ದು, ಅಲ್ಲಿಂದ ಶುರು ಮಾಡಿ.”

ಬಸ್ಸಿನಲ್ಲಿ ವಾಪಸು ಬರುವಾಗ ಹೆಬ್ಬಾಳದ ಜಾಮಿನಲ್ಲಿ ಅರ್ಧ ಗಂಟೆ. ಬೇಸರವೇ ಆಗಲಿಲ್ಲ, ಎಲ್ಲ ಬರೆದುಕೊಳ್ಳಲು ಸಮಯ ಸಿಕ್ಕಿತು. ಚಹಾ ಕುಡಿದ ದುಡ್ಡು ಕೊಡುವುದು ಮರೆತೆ.

ನವೆಂಬರ್ ೧೧, ಮಂಗಳವಾರ

ಬೆಳಿಗ್ಗೆ ಏಳಕ್ಕೇ, ಹೇಳದೆ ಕೇಳದೆ, ಪಾಷಣ್ಣನ ಸ್ಕೂಟರಿನಲ್ಲಿ ಹೋದೆವು. ಸತೀಶ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಗೇಟು ತೆಗೆದರು.

“ಏನ್ ಮೇಡಂ, ಶನಿವಾರ ಅಲ್ವಾ?”

“ದೋಣಿಗೆ ಹೆಸರು ಬರೆಸಬೇಕು. ಅಳತೆ,” ಎಂದೆ. ದಾರಿಯಲ್ಲಿ ತಯಾರಿಸಿದ ಸುಳ್ಳು. ಚೆನ್ನಾಗಿಯೇ ಬಂತು.

ಮೋಟಾರು ತಣ್ಣಗಿತ್ತು. ಪಾಷಣ್ಣ ಹಗ್ಗ ಎಳೆದರು. ಎಂಟು ಸಲ ಸುಮ್ಮನಿತ್ತು, ಒಂಬತ್ತನೆಯ ಸಲಕ್ಕೆ ಕೆಮ್ಮಿ, ಹೊಗೆ ಬಿಟ್ಟು ಎದ್ದಿತು. “ಚಳಿ ಅಲ್ವಾ ಮೇಡಂ, ನಂಗೂ ಈ ಹೊತ್ತಿಗೆ ಎದ್ದೇಳಕ್ಕೆ ಕಷ್ಟ,” ಎಂದರು ಸತೀಶ್. ನಗು ಬಂತು. ಮನುಷ್ಯ ಕೆಟ್ಟವನಲ್ಲ, ಮಾರುತ್ತಿದ್ದಾನೆ ಅಷ್ಟೇ.

ಹಿಂದಿನ ಹಲಗೆ ಗಟ್ಟಿಯಾಗಿತ್ತು. ಆಗ ನನಗೆ ಒಂದು ಕ್ಷಣ ನಿರಾಸೆಯಾಯಿತು ಎಂದು ಬರೆಯಲು ನಾಚಿಕೆ. ಫ್ಯಾನಿನ ಹಿಂದೆ ಗಾಳದ ದಾರ ಕೂದಲಿನ ಗಂಟಿನ ಹಾಗೆ ಸುತ್ತಿತ್ತು. ಪಾಷಣ್ಣ ತಿರುಪು ಬಿಚ್ಚಿದರು. ನಾನು ಚಮಚ ಹಿಡಿದೆ. ಹಾಲು ಹೆಚ್ಚಾದ ಚಹಾ.

ಆಮೇಲೆ ದೋಣಿಯ ಸುತ್ತ ತಟ್ಟುತ್ತಾ ಹೋದೆ. ಮುಂಭಾಗ ಟಣ್ ಟಣ್ ಎಂದು ಮಾತಾಡಿತು. ನಡುವಿನಿಂದ ಹಿಂದಕ್ಕೆ ಬರುತ್ತಿದ್ದಂತೆ ದನಿ ಬದಲಾಯಿತು. ಅಲ್ಲಿ ನಿಂತೆ. ಇನ್ನೊಮ್ಮೆ ತಟ್ಟಿದೆ. ಅಜ್ಜಿ ಹೇಳಿದ ಹಾಗೆ, ಗೊಣಗಿತು.

“ಹೆಸರು ಬರೆಸಕ್ಕೆ ತಟ್ಟಿ ನೋಡ್ಬೇಕಾ ಮೇಡಂ?” ಸತೀಶ್ ಕೇಳಿದರು.

“ಇದರೊಳಗೆ ನೀರಿದೆ,” ಎಂದೆ.

“ಯಾರ್ ಹೇಳಿದ್ರು?”

“ಅದೇ ಹೇಳ್ತು.”

ಪಾಷಣ್ಣ ಕೆಮ್ಮುವ ನೆಪದಲ್ಲಿ ಆ ಕಡೆ ತಿರುಗಿದರು. ಸತೀಶ್ ಬ್ರಷ್ ಕೈಗೆ ತೆಗೆದುಕೊಂಡು, “ನೋಡಿ, ಸರ್ ಎಲೆ ಅಡಿಕೆ ಕೊಟ್ಟವ್ರೆ. ನಮ್ ಕಡೆ ಅದಕ್ಕಿಂತ ದೊಡ್ಡ ಅಗ್ರಿಮೆಂಟ್ ಇಲ್ಲ,” ಎಂದರು.

ದೋಣಿಯ ಒಳಬದಿಯಲ್ಲಿ ಒಂದು ಸಣ್ಣ ತಗಡಿನ ಚೀಟಿ ಇತ್ತು. ಒರೆಸಿ ಓದಿದೆ. ‘ತೂಕ ೨೨೦ ಕೆ.ಜಿ., ಮೋಟಾರು ಬಿಟ್ಟು’. ಯಾಕೋ ಬರೆದುಕೊಂಡೆ.

ನವೆಂಬರ್ ೧೨, ಬುಧವಾರ

ಮಾವನಿಗೆ ಹೇಳಿದೆ. ಎಲ್ಲ ಹೇಳಿದೆ. ಬಿಸಿ ಮೋಟಾರು, ದಾರ, ಚಹಾ, ಗೊಣಗಾಟ.

ಮಾವ ಕೂಗಾಡಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿದು ಮುರಿದು ಹಾಗೇ ಬಿಟ್ಟರು. “ನಂಗ್ ಏಳ್ದೆ ಓಗಿದ್ಯಾ?” ಎಂದರು. ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು: “ಎಲೆ ಇಡ್ಕೊಂಡ್ಮೇಲೆ ಈ ಚನ್ನಕೇಶವ ಇಂದಕ್ಕೆ ಸರ್ದಿದ್ದು ಈ ಓಬಳಿಲೇ ಇಲ್ಲ ಕಣಮ್ಮ. ನಾಳೆ ಯಾವನು ನನ್ ಮಾತಿಗೆ ಸೈಟ್ ಕೊಡ್ತಾನೆ?”

“ಮಾವ, ಅದರಲ್ಲಿ ಹೋಗೋದು ಪಾಷಣ್ಣ, ನೀವಲ್ಲ,” ಎಂದೆ. ಬಾಯಿಂದ ಜಾರಿಯೇಬಿಟ್ಟಿತ್ತು.

ಆಗ ಮೂಲೆಯಿಂದ ಅಜ್ಜಿ, ಅಡಿಕೆ ಕುಟ್ಟುವುದನ್ನು ನಿಲ್ಲಿಸದೆ ಹೇಳಿದಳು: “ಅಲ್ಲ ಕೇಶವ, ನೆಲದ ವಸ್ತುಗೆ ನೆಲದ್ ಮೇಲೆ ಎಲೆ ಇಡ್ಕೊಂಡ್ರೆ ಆಯ್ತು. ನೀರಿನ್ ವಸ್ತುಗೆ ಮೊದ್ಲು ನೀರಿಗೆ ಎಲೆ ಬಿಡ್ಬೇಕಲ್ವೇನೋ? ಗಂಗಮ್ಮನ್ನ ಕೇಳ್ದೆ ಮಾತ್ ಕೊಡಕ್ಕೆ ನೀನ್ಯಾವನು?”

“ಅಂಗೊಂದ್ ಐತಾ?”

“ಇಲ್ದೆ?”

“ಯಾವಾಗಿಂದ?”

“ನಿಮ್ಮಪ್ಪ ಉಟ್ಟೋಕೂ ಮುಂಚಿಂದ.”

ಇಂಥದ್ದೊಂದು ಪದ್ಧತಿ ಇತ್ತೆಂದು ನನಗೆ ಒಂದಿಷ್ಟೂ ನಂಬಿಕೆಯಿಲ್ಲ. ಅಡಿಕೆ ಕುಟ್ಟುತ್ತಲೇ ಅಜ್ಜಿ ಅದನ್ನು ಹುಟ್ಟಿಸಿದಳು. ಆದರೆ ಮಾವನ ಬೆನ್ನು ನೆಟ್ಟಗಾಯಿತು. ಅಲ್ಲೇ ಸತೀಶರಿಗೆ ಫೋನು ಮಾಡಿದರು. ದೋಣಿ ನಮ್ಮ ಕೆರೆಗೆ ಬರಬೇಕು, ಗಂಗಮ್ಮನಿಗೆ ಎಲೆ ಬಿಟ್ಟ ಮೇಲೇ ಉಳಿದ ಮಾತು. “ನಮ್ ಕಡೆ ಇರೋದೇ ಅಂಗೆ ಕಣಪ್ಪ.”

ನಾನು ಮಾವನಿಗೆ ತಗಡಿನ ಚೀಟಿಯ ವಿಷಯ ಹೇಳಿದೆ. ಮೊದಲ ಬಾರಿಗೆ ಅವರ ಕಣ್ಣು ಮಿನುಗಿತು. “ತೂಕನಾ? ತೂಕಕ್ಕೆ ನಮ್ ಜಲ್ಲಿ ಲಾರಿ ಓಗೋ ವೇ ಬ್ರಿಡ್ಜ್ ಐತಲ್ಲ.”

ನವೆಂಬರ್ ೧೫, ಶನಿವಾರ

ಬೆಳಿಗ್ಗೆ ಮೊದಲು ಖಾಲಿ ಟೆಂಪೊ ತೂಗಿಸಿದೆವು. ೧೫೪೦ ಕೆ.ಜಿ. ರೆಸಾರ್ಟಿಗೆ ಹೋಗಿ ಮೋಟಾರನ್ನು ಬಿಚ್ಚಿ ಮಾವನ ಕಾರಿನ ಡಿಕ್ಕಿಗೆ ಹಾಕಿ, ದೋಣಿಯನ್ನು ಟೆಂಪೊಗೆ ಏರಿಸಿದೆವು. ಆರು ಜನ ಬೇಕಾದರು. ಆರು ಜನವೂ ಸತೀಶರನ್ನು ನೋಡಿದರು. ಮತ್ತೆ ವೇ ಬ್ರಿಡ್ಜ್. ಜಲ್ಲಿ ಲಾರಿಗಳ ಸಾಲಿನಲ್ಲಿ ನಮ್ಮ ನೀಲಿ ದೋಣಿ, ಮದುವೆ ಮನೆಗೆ ದಾರಿ ತಪ್ಪಿ ಬಂದವರ ಹಾಗೆ.

೧೮೭೦.

ಕಿಟಕಿಯಿಂದ ಬಂದ ಚೀಟಿಯನ್ನು ಮಾವ ನನ್ನ ಕೈಗೆ ಕೊಟ್ಟರು. “ಕಳಿ.”

“ಮುನ್ನೂರ ಮೂವತ್ತು. ಚೀಟಿಯಲ್ಲಿರೋದು ಇನ್ನೂರ ಇಪ್ಪತ್ತು. ನೂರ ಹತ್ತು ಕೆ.ಜಿ. ನೀರು.”

“ಅಂದ್ರೆ ಐದೂವರೆ ಕ್ಯಾನು,” ಎಂದರು ಮಾವ ಮೆಲ್ಲಗೆ. ಇಪ್ಪತ್ತು ಲೀಟರಿನ ಆ ಕ್ಯಾನು ನಮ್ಮ ಮನೆಗೆ ವಾರಕ್ಕೆ ಬರುವುದು ನಾಲ್ಕು. “ಐದೂವರೆ ಕ್ಯಾನ್ ನೀರು ಒಟ್ಟೇಲಿಟ್ಕೊಂಡು ಕೂತದೆ ಇದು.”

“ಏನ್ ಸರ್ ಇದು, ದೋಣಿನ ತೂಕಕ್ಕೆ ಮಾರ್ತಾರಾ? ಈರುಳ್ಳಿನಾ?” ಸತೀಶ್ ನಗಲು ನೋಡಿದರು.

ಗಯಾಸರನ್ನು ಕೇಳಿ ಬರೆದ ಖರ್ಚಿನ ಕಾಗದ ನನ್ನ ಹತ್ತಿರ ಇತ್ತು. ಸೀಲು ಮತ್ತು ಆಯಿಲ್ ಆರೂವರೆ ಸಾವಿರ. ಹಲಗೆ ಬಿಚ್ಚಿ, ನೆನೆದದ್ದನ್ನು ತೆಗೆದು, ಒಣಗಿಸಿ, ಮತ್ತೆ ತುಂಬಲು ಮೂವತ್ತು. ಹೊಸ ಫ್ಯಾನಿಗೆ ನಾಲ್ಕು. ಓದಿದೆ. ಲಾರಿಗಳು ಹಾರನ್ ಹೊಡೆಯುತ್ತಿದ್ದವು, ಹಾಗಾಗಿ ಕೊಂಚ ಜೋರಾಗಿ ಓದಬೇಕಾಯಿತು. ಕೊನೆಗೆ, “ಒಂದು ಮೂವತ್ತೈದರಲ್ಲಿ ಇಷ್ಟು ಕಳೆದು, ತೊಂಬತ್ತನಾಲ್ಕೂವರೆಯಿಂದ ಮಾತು ಶುರು ಮಾಡಬೇಕು,” ಎಂದೆ. ಲಾರಿ ಕ್ಲೀನರ್ ಒಬ್ಬ “ಸರ್ಯಾಗ್ ಹೇಳಿದ್ರು ಅಕ್ಕ!” ಎಂದ.

ಅಲ್ಲಿಂದ ಮುಂದೆ ಮಾವನ ಆಟ. ಅದನ್ನು ನೋಡುವುದೇ ಚೆಂದ. ಎಪ್ಪತ್ತು ಎಂದರು. ಸತೀಶ್ ತೊಂಬತ್ತೆರಡು ಎಂದರು. ಮಾವ ಟೆಂಪೊ ಡ್ರೈವರಿಗೆ “ವಾಪಸ್ ತಿರ್ಗ್ಸಪ್ಪ” ಎಂದರು. ಸತೀಶ್ ತೊಂಬತ್ತು ಎಂದರು. ಮಾವ ಅವರ ಹೆಗಲ ಮೇಲೆ ಕೈ ಹಾಕಿ ಸ್ವಲ್ಪ ದೂರ ನಡೆಸಿಕೊಂಡು ಹೋದರು. ವಾಪಸು ಬಂದಾಗ ಎಂಬತ್ತೈದಾಗಿತ್ತು.

“ನೀರಿಗೆ ದುಡ್ಡು ಆಕಿಲ್ಲ,” ಎಂದರು ಮಾವ ನನಗೆ. “ಆ ಸಿಮೆಂಟ್ ಜಿರಾಫೆ ಮಾತ್ರ ನನ್ ದುಡ್ಡಲ್ಲಿ ತಗೊಂಡೆ. ಪಾಪ, ಅವ್ನಿಗೂ ಏನಾದ್ರೂ ಉಳೀಲಿ.”

ಸಂಜೆ ಕೆರೆಯಲ್ಲಿ ಅಜ್ಜಿಯ ಕೈಯಿಂದ ಎಲೆ ಬಿಡಿಸಿದೆವು. ಅಂತರಗಂಗೆಯ ನಡುವೆ ಪಾಷಣ್ಣ ಕೋಲಿನಿಂದ ಒಂದು ತಟ್ಟೆಯಷ್ಟು ನೀರು ಬಿಡಿಸಿಕೊಡಬೇಕಾಯಿತು. ಮಾವ ಮತ್ತೆ ತಾಂಬೂಲ ಕೊಟ್ಟರು. ಸತೀಶ್ ಎರಡು ಕೈಯಲ್ಲಿ ತೆಗೆದುಕೊಂಡರು.

ನವೆಂಬರ್ ೨೦, ಗುರುವಾರ

ಗಯಾಸ್ ಬಂದು ಹಲಗೆ ಬಿಚ್ಚಿದರು. ಒಳಗಿನದು ನೆನೆದ ಬ್ರೆಡ್ಡಿನ ಹಾಗಿತ್ತು. ಪಾಷಣ್ಣ ಒಂದು ಮುಷ್ಟಿ ತೆಗೆದು ಹಿಂಡಿದರು. ನೀರು ಮೊಣಕೈವರೆಗೆ ಇಳಿಯಿತು. ರೆಹಾನಕ್ಕ ಮೀನಿನ ಬುಟ್ಟಿ ಕೆಳಗಿಟ್ಟು ಬಂದು ಅದನ್ನು ನೋಡಿದರು, ಗಂಡನನ್ನು ನೋಡಿದರು, ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು ತೆಗೆದರು. ಕೂದಲಿಗೆ ಇನ್ನೂ ಮೀನಿನ ವಾಸನೆ ಇದೆ. ತೊಳೆಯಬೇಕು.

ಗಯಾಸರಿಗೆ ಅವತ್ತಿನ ಚಹಾದ ದುಡ್ಡು ಕೊಡಲು ಹೋದೆ. ಬೈದರು.

ನವೆಂಬರ್ ೨೨, ಶನಿವಾರ

ನಾಳೆ ಸಮಿತಿ ಸಭೆ. ಅಪಾರ್ಟ್‌ಮೆಂಟಿನವರೂ ಬರುತ್ತಾರೆ, ಎಪ್ಪತ್ತು ಕುರ್ಚಿ ಹೇಳಿದೆ. ದೋಣಿ ಏರಿಯ ಮೇಲೆ ಬೋರಲಾಗಿ ಒಣಗುತ್ತಿದೆ. ಅದರ ಮೇಲೆ ರೆಹಾನಕ್ಕ ಬಲೆ ಹರವಿದ್ದಾರೆ. ರಿಪೇರಿ ಕಳೆದು ಹದಿನಾರೂವರೆ ಸಾವಿರ ಉಳಿಯುತ್ತದೆ. ಮೊದಲು ಎರಡು ಲೈಫ್ ಜಾಕೆಟ್ಟು.

ಮಧ್ಯಾಹ್ನ ಮಾವ ವರದಿ ಕೇಳಿದರು. ಪೆನ್ಸಿಲ್ ಪ್ರತಿ ಕೊಟ್ಟೆ. ಮೂರನೆಯ ಪ್ಯಾರಾಕ್ಕೆ ಬಂದು ನಿಂತರು. ಪರೀಕ್ಷೆ ಮಾಡುವ ಮೊದಲೇ ಮುಂಗಡ ಕೊಟ್ಟದ್ದು, ಆ ದೋಣಿಯಲ್ಲಿ ಹೋಗಬೇಕಾದವರನ್ನು ಕೇಳದೇ ಇದ್ದದ್ದು ಅಲ್ಲಿದೆ. ‘ಸಮಿತಿಯು’ ಎಂದು ಬರೆದಿದ್ದೇನೆ, ಮಾವನ ಹೆಸರು ಹಾಕಿಲ್ಲ. ಅವತ್ತು ಬಾಯಿ ಮುಚ್ಚಿಕೊಂಡು ನಿಂತವಳು ನಾನೂ ಸಮಿತಿಯೇ ತಾನೆ.

“ಇದ್ ಬೇಕೇನಮ್ಮ?”

“ಬೇಕು ಮಾವ. ಮುಂದಿನ ಸಲ ಬೇರೆ ಯಾರಾದರೂ ಕೊಳ್ಳೋಕೆ ಹೋಗ್ತಾರಲ್ಲ.”

ಮಾವ ಇನ್ನೊಮ್ಮೆ ಓದಿದರು. “ಬರ್ದಿರೋದೇನೋ ಸರಿಯಾಗೈತೆ. ಓದೋವಾಗ ನನ್ ಗಂಟ್ಲು ಕಟ್ಕೊಂತದೆ, ಅಷ್ಟೇ,” ಎಂದು ನಕ್ಕು, ಹಾಳೆ ವಾಪಸು ಕೊಟ್ಟು, ಜಿರಾಫೆ ಎಲ್ಲಿ ನಿಲ್ಲಿಸುವುದೆಂದು ನೋಡಲು ಹೊರಗೆ ಹೋದರು.

ಈಗ ಪೆನ್ನಿನಲ್ಲಿ ತಿದ್ದಿ ಮುಗಿಸಿದೆ. ಮೂರನೆಯ ಪ್ಯಾರಾ ಇದ್ದ ಹಾಗೇ ಇದೆ. ಸಭೆಯ ಹಾಳೆಯಲ್ಲಿ ‘ದೋಣಿ ಖರೀದಿಯ ವರದಿ. ಓದುವವರು:’ ಎಂದು ಬರೆದು, ಆ ಜಾಗವನ್ನು ಸ್ವಲ್ಪ ಹೊತ್ತು ಖಾಲಿ ಬಿಟ್ಟಿದ್ದೆ. ಹೊರಗೆ ಅಜ್ಜಿ ಸಿಮೆಂಟಿನ ಜಿರಾಫೆಯ ಕಾಲು ತಟ್ಟಿ ನೋಡುತ್ತಿದ್ದಳು.

ಬಿಂದುಶ್ರೀ ಎಂದು ಬರೆದೆ. ಪೆನ್ಸಿಲ್ಲು ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಬಳಸಲಿಲ್ಲ.